ಚೌಕಟ್ಟಿನಲ್ಲಿ ಹಿಡಿಸದ ಐದು ಜನ

ಅತ್ತೆ ಹೊಸ ಬಾಡಿಗೆ ಫ್ಲಾಟಿಗೆ ಬಂದ ದಿನವೇ ಅವರ ಹಳೆಯ ಕನ್ನಡಿ ಒಡೆಯಿತು. ಸಾಮಾನು ಹೊರುವವರು ಬೀರು, ಮಂಚ, ಫ್ರಿಜ್ಜು ಎಲ್ಲವನ್ನೂ ಒಂದು ಗೀರೂ ಬೀಳದಂತೆ ಮೂರನೆಯ ಮಹಡಿಗೆ ಹತ್ತಿಸಿ, ಎಲ್ಲಕ್ಕಿಂತ ಹಗುರಾಗಿದ್ದ ಕನ್ನಡಿಯನ್ನು ಒಯ್ದು ಬಾಗಿಲಿನ ಚಿಲಕಕ್ಕೆ ತಾಗಿಸಿದರು. ಗಾಜು ಹೋಯಿತು, ಚೌಕಟ್ಟು ಉಳಿಯಿತು. ಗಟ್ಟಿ ಮರದ್ದು, ಅಂಗೈಯಗಲದ ಪಟ್ಟಿ, ನಾಲ್ಕೂ ಕಡೆ ಒಂದೇ ಅಳತೆ.

"ಇದನ್ನ ಮಾತ್ರ ಎಸೆಯೋದಿಲ್ಲ," ಎಂದರು ಅತ್ತೆ. "ಒಳಗೆ ನಮ್ಮೆಲ್ಲರ ಫೋಟೊ ಹಾಕಿಸಿ ಸೋಫಾ ಮೇಲಿನ ಗೋಡೆಗೆ ತಗಲಿಸ್ತೀನಿ. ಆ ಹಲಗೇನೂ ಮುಚ್ಚಿಹೋಗುತ್ತೆ."

ಸೋಫಾದ ಮೇಲಿನ ಗೋಡೆಯಲ್ಲಿ ಹಿಂದಿನ ಬಾಡಿಗೆಯವರು ಎ.ಸಿ. ಕಿತ್ತುಕೊಂಡು ಹೋದ ಚೌಕಾಕಾರದ ತೂತು ಇತ್ತು. ಮನೆ ಮಾಲೀಕರು ಅದಕ್ಕೆ ಹಲಗೆ ಹೊಡೆಸಿ ಬಣ್ಣ ಬಳಿಸಿದ್ದರು. ಗೋಡೆಯದು ಕೆನೆಯ ಬಣ್ಣ, ಹಲಗೆಯದು ಕೆನೆ ಕೆಟ್ಟ ಮೇಲೆ ಬರುವ ಬಣ್ಣ. ಒಳಗೆ ಬಂದವರ ಕಣ್ಣು ನೇರ ಅಲ್ಲಿಗೇ ಹೋಗುತ್ತಿತ್ತು.

ಫೋಟೊ ಇರಲಿಲ್ಲವೆಂದಲ್ಲ. ಸಾಮಾನು ಬಿಚ್ಚಲು ಎಲ್ಲರೂ ಬಂದಿದ್ದ ಭಾನುವಾರ ಮೇಲಿನ ಮನೆಯಾಕೆ ಪರಿಚಯ ಮಾಡಿಕೊಳ್ಳಲು ಇಳಿದು ಬಂದಿದ್ದರು. ಅವರ ಕೈಗೆ ದೊಡ್ಡಳಿಯನ ಮೊಬೈಲು ಕೊಟ್ಟು ಒಂದು ಫೋಟೊ ತೆಗೆಸಿಕೊಂಡದ್ದಾಗಿತ್ತು. ಅತ್ತೆ ಕುರ್ಚಿಯ ಮೇಲೆ. ಹಿಂದೆ ಎಡಗಡೆ ದೊಡ್ಡ ಮಗಳು, ಅವಳ ಪಕ್ಕದಲ್ಲಿ ಅವಳ ಗಂಡ. ಬಲಗಡೆ ಚಿಕ್ಕ ಮಗಳು, ಅವಳ ಪಕ್ಕದಲ್ಲಿ ಅವಳ ಗಂಡ. ಮೊಮ್ಮಕ್ಕಳು ಪರೀಕ್ಷೆಯ ನೆಪ ಹೇಳಿ ತಪ್ಪಿಸಿಕೊಂಡಿದ್ದರು.

"ಆ ಫೋಟೊನೇ ಸಾಕು. ಫ್ರೇಮಿನ ಅಳತೆಗೆ ದೊಡ್ಡದು ಮಾಡ್ಕೊಂಡು ಬಂದ್ರೆ ಆಯ್ತು. ಐದು ನಿಮಿಷದ ಕೆಲಸ, ಅತ್ತೆ. ನನಗೆ ಬಿಡಿ," ಎಂದು ದೊಡ್ಡಳಿಯ ಹೇಳಿದ. ಯಾರೂ ಅವನನ್ನು ಕೇಳಿರಲಿಲ್ಲ. ತಾನಾಗಿ ಮೈಮೇಲೆ ಎಳೆದುಕೊಂಡದ್ದು.

ದೊಡ್ಡಳಿಯ ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವನು. ಜನರನ್ನು ಕುರ್ಚಿಯಲ್ಲಿ ಕೂರಿಸಿ, ಒಂದೊಂದೇ ಗಾಜು ಬದಲಿಸಿ, "ಇದು ಸ್ಪಷ್ಟವಾ, ಅದು ಸ್ಪಷ್ಟವಾ" ಎಂದು ತಾಳ್ಮೆಯಿಂದ ಕೇಳುವುದು ಅವನ ದಿನದ ಕೆಲಸ. ಮಸುಕಾದದ್ದನ್ನು ಸ್ಪಷ್ಟ ಮಾಡುವುದು ತನ್ನ ಕಸುಬೇ ಆಗಿರುವಾಗ ಒಂದು ಫೋಟೊ ಏನು ಮಹಾ ಎಂಬುದು ಅವನ ಲೆಕ್ಕಾಚಾರ. ಚಿಕ್ಕಳಿಯ ಡ್ರೈವಿಂಗ್ ಸ್ಕೂಲ್ ನಡೆಸುತ್ತಿದ್ದ. ಕಲಿಯುವವರ ಪಕ್ಕದಲ್ಲಿ ಕೂತು ತನ್ನ ಕಾಲಡಿಯ ಇನ್ನೊಂದು ಬ್ರೇಕನ್ನು ಒತ್ತಿ ಒತ್ತಿ, ಈಗ ಅವನ ಬಲಗಾಲು ಯಾರ ಪಕ್ಕದಲ್ಲಿ ಕೂತರೂ ನೆಲವನ್ನು ಒತ್ತುತ್ತಿತ್ತು. ಷಡ್ಡಕರಿಬ್ಬರ ನಡುವೆ ಜಗಳವಿರಲಿಲ್ಲ. ತೀರ ಸಲುಗೆಯೂ ಇರಲಿಲ್ಲ. ಒಬ್ಬ "ಭಾವ" ಎನ್ನುತ್ತಿದ್ದ, ಇನ್ನೊಬ್ಬ "ಮಾಸ್ತರೇ" ಎನ್ನುತ್ತಿದ್ದ. ಅಲ್ಲಿಗೆ ಲೆಕ್ಕ ಸರಿಹೋಗುತ್ತಿತ್ತು.

ಜಗಳ ಇದ್ದದ್ದು ಅಕ್ಕತಂಗಿಯರ ನಡುವೆ. ಕಳೆದ ಬೇಸಿಗೆಯಲ್ಲಿ ದೊಡ್ಡವಳು ತಂಗಿಯ ಗಂಡನ ಹತ್ತಿರ ಕಾರು ಕಲಿತು ಲೈಸೆನ್ಸಿನ ಪರೀಕ್ಷೆಗೆ ಹೋಗಿದ್ದಳು. ಹಿಂದಕ್ಕೆ ತೆಗೆಯುವಾಗ ಕಾರು ಒಂದು ಕಂಬಕ್ಕೆ ಮೆತ್ತಗೆ ತಗುಲಿತು, ಅವಳ ಬಾಯಿಂದ "ಸಾರಿ" ಎಂಬ ಮಾತು ಬಂತು. ಚಿಕ್ಕವಳು ಇದನ್ನು ಗಂಡನ ಬಾಯಿಂದ ಕೇಳಿದ್ದೇ ತಡ, ಸಂಜೆಯೊಳಗೆ ಇಡೀ ಬಳಗಕ್ಕೆ ಫೋನು ಮಾಡಿ "ನಮ್ಮಕ್ಕ ಕಂಬಕ್ಕೆ ಸಾರಿ ಕೇಳಿ ಬಂದಳು" ಎಂದು ಹಂಚಿಬಿಟ್ಟಿದ್ದಳು. ದೊಡ್ಡವಳು ಅಂದಿನಿಂದ ತಂಗಿಯ ಜೊತೆ ಮಾತು ಬಿಟ್ಟಳು. ಅವಳು ಬಿಟ್ಟಳೆಂದು ಇವಳೂ ಬಿಟ್ಟಳು.

ಅತ್ತೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. ಊರೂರಿನ ಲೈನು ಜೋಡಿಸುತ್ತ ಅರ್ಧ ಆಯುಷ್ಯ ಕಳೆದು ನಿವೃತ್ತರಾದರೂ ಈಗ ಮನೆಯಲ್ಲಿ ಅದೇ ಕೆಲಸ ಅಂಟಿಕೊಂಡಿತ್ತು. ಮಕ್ಕಳಿಬ್ಬರೂ ಒಂದೇ ಸೋಫಾದ ಎರಡು ತುದಿಗಳಲ್ಲಿ ಕೂತು, "ಅಮ್ಮ, ಅವಳಿಗೆ ಹೇಳು, ಫ್ಯಾನು ಜೋರಾಗಿದೆ ಅಂತ," "ಅಮ್ಮ, ಇವಳಿಗೆ ಹೇಳು, ಚಳಿಯಾದ್ರೆ ಒಳಗೆ ಹೋಗಿ ಕೂತ್ಕೋ ಅಂತ" ಎನ್ನುವರು. ಅತ್ತೆ ಎರಡೂ ಕಡೆಗೆ ತಿರುಗಿ ತಿರುಗಿ ಮಾತು ದಾಟಿಸುವರು, ಖಾರವಾದದ್ದನ್ನು ಕೊಂಚ ಸಪ್ಪೆ ಮಾಡಿ.

ದೊಡ್ಡಳಿಯ ಅಂದು ಮನೆಗೆ ಬಂದವನೇ ಲ್ಯಾಪ್‌ಟಾಪ್ ತೆರೆದ. ಫೋಟೊವನ್ನು ಹೆಂಡತಿ ಆಗಲೇ ವಾಟ್ಸಾಪಿನಲ್ಲಿ ಎಲ್ಲರಿಗೂ ಕಳಿಸಿದ್ದಳು. ಅದನ್ನೇ ಇಳಿಸಿಕೊಂಡು ಒತ್ತಿದ. ಫೋಟೊ ನೋಡುವ ಸಾಫ್ಟ್‌ವೇರ್ ಅದನ್ನು ಪರದೆಯ ಈ ಅಂಚಿನಿಂದ ಆ ಅಂಚಿನವರೆಗೆ ಹರಡಿ ತೋರಿಸಿತು. ಅತ್ತೆಯ ಕಿವಿಯ ಓಲೆಯ ಹರಳು ಕೂಡ ಕಾಣುತ್ತಿತ್ತು. ಇನ್ನೇನು ಬೇಕು ಎಂದು ಪೆನ್‌ಡ್ರೈವಿಗೆ ಹಾಕಿಕೊಂಡು ಮರುದಿನ ಪ್ರಿಂಟಿನ ಅಂಗಡಿಗೆ ಕೊಟ್ಟು, ಚೌಕಟ್ಟಿನ ಅಳತೆ ಬರೆದಿಟ್ಟು ಬಂದ.

ಸಂಜೆ ಹೋಗಿ ಸುರುಳಿ ಬಿಚ್ಚಿದ. ಅತ್ತೆಯ ಮುಖ ಬಿಸಿನೀರಿನ ಕೋಣೆಯ ಗಾಜಿನ ಹಿಂದೆ ನಿಂತಂತಿತ್ತು. ಅಕ್ಕ ಯಾರು, ತಂಗಿ ಯಾರು ಎಂಬುದು ಸೀರೆಯ ಬಣ್ಣದಿಂದ ಮಾತ್ರ ತಿಳಿಯುತ್ತಿತ್ತು. ಅವನು ಅಭ್ಯಾಸಬಲದಿಂದ ತನ್ನ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡ. ಏನೂ ವ್ಯತ್ಯಾಸವಾಗಲಿಲ್ಲ.

"ಇದೇನ್ರೀ ಇದು?"

"ನೀವು ಕೊಟ್ಟಿದ್ದೇ ಅಂಚೆಚೀಟಿಯಷ್ಟು, ಸಾರ್," ಎಂದ ಅಂಗಡಿಯವನು. "ಅದನ್ನ ಇಷ್ಟಗಲ ಎಳೆದ್ರೆ ಇನ್ನೇನಾಗುತ್ತೆ?"

"ಅಂಚೆಚೀಟಿಯಾ? ನನ್ನ ಕಂಪ್ಯೂಟರಿನಲ್ಲಿ ಪರದೆ ತುಂಬ ಇತ್ತು."

"ಅದು ಹಾಗೇ. ಸಣ್ಣದಿದ್ರೂ ಹಿಗ್ಗಿಸಿ ತೋರಿಸುತ್ತೆ, ದೊಡ್ಡದಿದ್ರೂ ಕುಗ್ಗಿಸಿ ತೋರಿಸುತ್ತೆ. ಅದನ್ನ ನಂಬಬಾರದು."

ಫೋಟೊ ನೋಡಲೆಂದೇ ಇರುವ ಸಾಫ್ಟ್‌ವೇರನ್ನು ಫೋಟೊದ ವಿಷಯದಲ್ಲಿ ನಂಬಬಾರದು ಎಂಬುದನ್ನು ದೊಡ್ಡಳಿಯ ಕಷ್ಟಪಟ್ಟು ನುಂಗಿಕೊಂಡ. ಆಮೇಲೆ ಇನ್ನೊಂದು ಗಮನಕ್ಕೆ ಬಂತು. "ಇದರಲ್ಲಿ ನಾನೆಲ್ಲಿ?"

ಅಂಗಡಿಯವನು ಪ್ರಿಂಟಿನ ಎಡ ಅಂಚನ್ನು ಬೆರಳಿನಿಂದ ತೋರಿಸಿದ. ಅಲ್ಲಿ ಒಂದು ಭುಜ, ಅಂಗಿಯ ಅರ್ಧ ಕಾಲರು ಇತ್ತು. ಬಲ ಅಂಚಿನಲ್ಲಿ ಚಿಕ್ಕಳಿಯನದೂ ಅಷ್ಟೇ. "ಫೋಟೊ ಅಗಲ, ನಿಮ್ಮ ಫ್ರೇಮು ಚೌಕ. ಮೆಷಿನ್ನು ಎರಡೂ ಕಡೆ ಸಮ ಕತ್ತರಿಸಿಬಿಡ್ತು. ನಾನೂ ನೋಡಿದೆ, ಪಾಪ, ಯಾರೋ ಅಡ್ಡ ಬಂದಿದ್ದಾರೆ ಅಂದ್ಕೊಂಡೆ."

ದೊಡ್ಡಳಿಯ ಆ ಪ್ರಿಂಟನ್ನು ಯಾರಿಗೂ ತೋರಿಸದೆ ಬೀರುವಿನ ಹಿಂದೆ ತುರುಕಿದ. ವಾಟ್ಸಾಪಿನಲ್ಲಿ ಕುಗ್ಗಿ ಬಂದದ್ದನ್ನು ಬಿಟ್ಟು, ಮೊಬೈಲಿನಲ್ಲಿದ್ದ ಮೂಲ ಫೋಟೊವನ್ನೇ ತಂತಿ ಹಾಕಿ ಲ್ಯಾಪ್‌ಟಾಪಿಗೆ ಇಳಿಸಿಕೊಂಡ. ಈಗ ಅಳತೆ ತಿದ್ದಬೇಕು. ಹತ್ತಿರದಿಂದ ನೋಡೋಣವೆಂದು ಮೌಸಿನ ಚಕ್ರ ತಿರುಗಿಸಿದ. ಫೋಟೊ ದೊಡ್ಡದಾಗುವ ಬದಲು ತನ್ನ ಅಂಗಡಿಯ ಹೊಸ ಕನ್ನಡಕದ ಫ್ರೇಮುಗಳ ಫೋಟೊ ಬಂತು. ಹಿಂದಕ್ಕೆ ತಿರುಗಿಸಿದ, ಯಾವುದೋ ಮದುವೆಯಲ್ಲಿ ತಾನು ಬಾಯಿ ತೆರೆದು ನಿದ್ದೆ ಹೋಗಿದ್ದ ಫೋಟೊ ಬಂತು. ಕಳೆದ ವಾರದವರೆಗೆ ಇದೇ ಚಕ್ರ ತಿರುಗಿಸಿದರೆ ಫೋಟೊ ದೊಡ್ಡದಾಗುತ್ತಿತ್ತು. ನಡುವೆ ಒಂದು ಬೆಳಿಗ್ಗೆ ಸಾಫ್ಟ್‌ವೇರ್ ತಾನಾಗಿಯೇ ಹೊಸದಾಗಿತ್ತು. ಹೊಸದಾಗುವ ಮುಂಚೆ ಅದು ಏನೋ ಕೇಳಿದ್ದು, ತಾನು "ಆಗಲಿ" ಎಂದು ಒತ್ತಿದ್ದು ಅವನಿಗೆ ಮಸುಕಾಗಿ ನೆನಪಿತ್ತು.

ಕೊನೆಗೆ ಅಳತೆ ಬದಲಿಸುವ ಪೆಟ್ಟಿಗೆ ಸಿಕ್ಕಿತು. ಅಗಲಕ್ಕೊಂದು ಖಾನೆ, ಎತ್ತರಕ್ಕೊಂದು ಖಾನೆ. ಎರಡೂ ಕಡೆ ಒಂದೇ ಅಂಕಿ ಹಾಕಿದರೆ ಚೌಕವಾಯಿತು ಎಂದುಕೊಂಡು ಅಗಲದಲ್ಲಿ ಅಂಕಿ ಒತ್ತಿದ. ಎತ್ತರದ ಅಂಕಿ ತಾನೇ ಕೆಳಕ್ಕೆ ಜಿಗಿಯಿತು. ಎತ್ತರವನ್ನು ಸರಿಪಡಿಸಿದ, ಅಗಲ ಮೇಲಕ್ಕೆ ಹಾರಿತು. ಒಂದನ್ನು ಅದುಮಿದರೆ ಇನ್ನೊಂದು ಏಳುತ್ತಿತ್ತು. ತಿಂಡಿಯೂ ತಣ್ಣಗಾಗುವಷ್ಟು ಹೊತ್ತು ಅವನು ಆ ಎರಡು ಖಾನೆಗಳ ಜೊತೆ ಹಗ್ಗಜಗ್ಗಾಟ ಆಡಿದ. ಆಮೇಲೆ ಕಂಡದ್ದು, ಎರಡರ ನಡುವೆ ಸಣ್ಣದೊಂದು ಸರಪಳಿಯ ಚಿತ್ರ. ಅದನ್ನು ಒತ್ತಿದ. ಸರಪಳಿ ಕಳಚಿತು. ಎರಡೂ ಖಾನೆಗಳು ಬಾಲ ಮುದುರಿಕೊಂಡು ಹೇಳಿದ ಹಾಗೆ ಕೇಳಿದವು. ಫೋಟೊ ಚೌಕವಾಯಿತು.

ಹೆಂಡತಿ ಕೈ ಒರೆಸಿಕೊಳ್ಳುತ್ತ ಬಂದು ನೋಡಿದಳು. ಫೋಟೊದಲ್ಲಿ ಎಲ್ಲರೂ ಬೆಳೆದಿದ್ದರು. ಅವಳ ಸೊಂಟ ಕಾಲೇಜಿನ ದಿನಗಳದ್ದಾಗಿತ್ತು, ಕತ್ತು ಉದ್ದವಾಗಿತ್ತು, ಗಲ್ಲದ ಕೆಳಗಿನ ಇನ್ನೊಂದು ಗಲ್ಲ ಮಾಯವಾಗಿತ್ತು.

"ಇದೇ ಇರ್ಲಿ ರೀ," ಎಂದಳು ಮೃದುವಾಗಿ.

"ಇದು ತಪ್ಪು ಕಣೇ. ಹಿಂಡಿದ ಹಾಗಾಗಿದೆ."

"ತಪ್ಪು ಏನಿದೆ? ಎಲ್ಲರನ್ನೂ ಸಮ ಹಿಂಡಿದೀರಲ್ಲ."

ಅವನು ಬಾಯಿ ತೆರೆಯುವುದರೊಳಗೆ ಅವಳು ಅದನ್ನು ಅಮ್ಮನಿಗೆ ಕಳಿಸಿಯೂ ಆಗಿತ್ತು. ಅತ್ತೆಯ ಫೋನು ಕೂಡಲೇ ಬಂತು. "ಅಳಿಯಂದ್ರೇ, ನನ್ನನ್ನ ಯಾಕೆ ಹೀಗೆ ಹಿಂಡಿ ಒಣಹಾಕಿದೀರಿ? ಕಾಯಿಲೆಯಿಂದ ಎದ್ದವಳ ಹಾಗೆ ಕಾಣ್ತೀನಿ." ಸ್ವಲ್ಪ ತಡೆದು ಸೇರಿಸಿದರು, "ಮತ್ತೆ ಇಲ್ಲೇ ಕೂತಿರೋ ಚಿಕ್ಕವಳು ಹೇಳ್ತಾಳೆ, ಅವಳ ಗಂಡ ನಿಜಕ್ಕೂ ಅಷ್ಟು ಉದ್ದ ಇದ್ರೆ ಕಾರಿನೊಳಗೆ ಕೂರೋಕಾಗಲ್ವಂತೆ. ಇನ್ನೂ ಏನೇನೋ ಅಂದಳು, ಅದು ಬೇಡ."

ಅವನು ಹಳೆಯದಕ್ಕೆ ಮರಳಲು ನೋಡಿದ. ಆದರೆ "ಉಳಿಸು" ಎಂಬುದನ್ನು ಒತ್ತಿಬಿಟ್ಟಿದ್ದರಿಂದ ಲ್ಯಾಪ್‌ಟಾಪಿನಲ್ಲಿ ಸಣಕಲು ಫೋಟೊ ಒಂದೇ ಉಳಿದಿತ್ತು. ಅದನ್ನೇ ಅಡ್ಡಕ್ಕೆ ಹಿಗ್ಗಿಸಿದರೆ ಸರಿಹೋಗಬಹುದೆಂದು ಅಂದಾಜಿನ ಅಂಕಿ ಹಾಕಿದ. ಅಂದಾಜು ತುಸು ಜಾಸ್ತಿಯಾಯಿತು. ಎಲ್ಲರೂ ಗಾಳಿ ತುಂಬಿದಂತೆ ಊದಿಕೊಂಡರು. ಹಿಂದಿನಿಂದ ಹೆಂಡತಿ ಅದನ್ನೂ ನೋಡಿದಳು. ಆ ಸಂಜೆ ಅವಳು ಅವನ ಜೊತೆಗೂ ಮಾತು ಬಿಟ್ಟಳು. ಪುಣ್ಯಕ್ಕೆ ಮೂಲ ಫೋಟೊ ಮೊಬೈಲಿನಲ್ಲಿ ಹಾಗೇ ಇತ್ತು.

ಮುಂದಿನ ಭಾನುವಾರ ಎಲ್ಲರೂ ಅತ್ತೆಯ ಫ್ಲಾಟಿನಲ್ಲಿ ಸೇರಿದರು. ಚೌಕಟ್ಟು ಗೋಡೆಗೆ ಒರಗಿಕೊಂಡು ಖಾಲಿ ಬಾಯಿ ತೆರೆದು ಕೂತಿತ್ತು. ದೊಡ್ಡಳಿಯ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟ. ಚಿಕ್ಕಳಿಯ ಕುರ್ಚಿ ಎಳೆದು ಪಕ್ಕದಲ್ಲಿ ಕೂತ. ಅತ್ತೆ ಇಬ್ಬರ ಹಿಂದೆ ನಿಂತರು. ಅಕ್ಕತಂಗಿಯರು ಅತ್ತೆಯ ಆಚೆಗೊಬ್ಬಳು, ಈಚೆಗೊಬ್ಬಳು.

"ಹಿಂಡೋದು ಬೇಡ, ಊದಿಸೋದೂ ಬೇಡ. ಕತ್ತರಿಸೋಣ," ಎಂದ ದೊಡ್ಡಳಿಯ. ಅವನು ವಾರವಿಡೀ ಇದರ ಹಿಂದೆ ಬಿದ್ದು ಒಂದಿಷ್ಟು ಕಲಿತಿದ್ದ. ಕತ್ತರಿಸುವ ಚೌಕವೊಂದನ್ನು ತೆರೆದು ಫೋಟೊದ ಮೇಲೆ ತಂದು ಕೂರಿಸಿದ. ಚೌಕದ ಒಳಗಿನದು ಬೆಳ್ಳಗೆ, ಹೊರಗಿನದು ಕಪ್ಪಗೆ. ಎಡಕ್ಕೆ ಸರಿಸಿದರೆ ಚಿಕ್ಕಳಿಯ ಕತ್ತಲೆಗೆ ಹೋದ. ಬಲಕ್ಕೆ ಸರಿಸಿದರೆ ತಾನೇ ಹೋದ.

"ನಿಧಾನ, ನಿಧಾನ," ಎಂದ ಚಿಕ್ಕಳಿಯ. ಮೇಜಿನ ಕೆಳಗೆ ಅವನ ಬಲಗಾಲು ನೆಲ ಒತ್ತಿತು. "ಭಾವ, ನೀವೇ ಇರಿ. ನಾನು ಅರ್ಧ ಇದ್ರೂ ಸಾಕು."

"ಛೆ, ಎಲ್ಲಾದ್ರೂ ಉಂಟೇ. ನೀವು ಪೂರ್ತಿ ಇರಿ, ಮಾಸ್ತರೇ. ನನ್ನ ಒಂದು ಕಿವಿ ಕಂಡ್ರೆ ಆಯ್ತು," ಎಂದ ದೊಡ್ಡಳಿಯ. ಹಾಗೆನ್ನುತ್ತಲೇ ಚೌಕವನ್ನು ಕೂದಲೆಳೆಯಷ್ಟು ಎಡಕ್ಕೆ ಸರಿಸಿದ.

"ಭಾವ, ನೀವು ಹಿರಿಯರು."

"ನೀವು ಚೆನ್ನಾಗಿ ಬಂದಿದೀರಿ, ನೋಡಿ. ನಾನು ಕಣ್ಣು ಮುಚ್ಚಿದೀನಿ."

"ಎಲ್ಲಿ ಮುಚ್ಚಿದೀರಿ, ತೆರೆದೇ ಇದೆಯಲ್ಲ."

ಉಪಚಾರದ ಮಾತು ಮುಗಿಯುವಂತಿರಲಿಲ್ಲ, ಚೌಕ ಮಾತ್ರ ಒಮ್ಮೆ ಅತ್ತ ಒಮ್ಮೆ ಇತ್ತ ಹೊಯ್ದಾಡುತ್ತಿತ್ತು. ಕೊನೆಗೆ ದೊಡ್ಡವಳು, "ಅಮ್ಮ, ಹೇಳು, ನಮ್ಮನೆಯವರ ಫೋನಿನಲ್ಲೇ ತೆಗೆದಿದ್ದು ಫೋಟೊ, ಅವರೇ ಇಲ್ಲದೆ ಹೋದ್ರೆ ಚೆನ್ನಾಗಿರಲ್ಲ ಅಂತ," ಎಂದಳು. ಚಿಕ್ಕವಳು, "ಅಮ್ಮ, ನೀನೂ ಹೇಳು, ಸಾಮಾನು ತಂದ ಲಾರಿ ಗೊತ್ತುಮಾಡಿದ್ದು ನಮ್ಮನೆಯವರು ಅಂತ," ಎಂದಳು. ಅತ್ತೆ ಎರಡನ್ನೂ ದಾಟಿಸಲಿಲ್ಲ. ಇಬ್ಬರಿಗೂ ಕೇಳಿಸಿತ್ತು.

"ಇಬ್ಬರಲ್ಲಿ ಒಬ್ಬರನ್ನ ಕತ್ತರಿಸಿ ಗೋಡೆಗೆ ಹಾಕಿದ್ರೆ ನೋಡಿದವರು ಏನಂದಾರು?" ಎಂದರು. "ಬೇರೆ ದಾರಿ ನೋಡಿ."

ಬೇರೆ ದಾರಿಯೆಂದರೆ ಫೋಟೊವನ್ನು ಪೂರ್ತಿ ಇಟ್ಟು ಮೇಲೂ ಕೆಳಗೂ ಬಿಳಿ ಪಟ್ಟಿ ಬಿಡುವುದು. ದೊಡ್ಡಳಿಯ ಮಾಡಿ ತೋರಿಸಿದ. ಅತ್ತೆ ತಲೆಯಾಡಿಸಿದರು. "ಬ್ಯಾಂಡೇಜು ಸುತ್ತಿದ ಹಾಗಿದೆ. ಹಲಗೆ ಮುಚ್ಚೋಕೆ ಹೋಗಿ ಇನ್ನೆರಡು ಹಲಗೆ ಹಾಕಿಕೊಂಡ ಹಾಗಾಯ್ತು."

ಬಿಳಿಯ ಬದಲು ಬಣ್ಣ ಹಾಕೋಣವೆಂದು ಅವನು ಹುಡುಕಲು ಹೋದ. ಬಣ್ಣದ ಪೆಟ್ಟಿಗೆ ತೆರೆಯುವ ಬದಲು ಫೋಟೊ ಒಂದು ಸುತ್ತು ತಿರುಗಿ ಎಲ್ಲರೂ ಪಕ್ಕಕ್ಕೆ ಮಲಗಿದರು. ಸರಿಪಡಿಸಲು ಒತ್ತಿದ, ತಲೆಕೆಳಗಾದರು. ಚಿಕ್ಕಳಿಯ ಸಹಾಯ ಮಾಡಲೆಂದು ಕೈ ಚಾಚಿ ಏನೋ ಒತ್ತಿದ, ಪರದೆ ತುಂಬ ಅತ್ತೆಯ ಮೂಗು ಒಂದೇ ಬಂತು. ಅದರಿಂದ ಹೊರಬರುವ ದಾರಿ ಇಬ್ಬರಿಗೂ ತಿಳಿಯಲಿಲ್ಲ. ಐವರೂ ಆ ಮೂಗನ್ನೇ ನೋಡಿದರು.

"ನನ್ನ ಮೂಗು ಇಷ್ಟು ದಪ್ಪ ಇದೆ ಅಂತ ಯಾರೂ ಹೇಳಿರಲಿಲ್ಲ," ಎಂದರು ಅತ್ತೆ.

ದೊಡ್ಡಳಿಯ ಬೆವರುತ್ತಿದ್ದ. ಅಂಗಡಿಯಲ್ಲಿ ಎಂಥೆಂಥ ಕಿರಿಕಿರಿಯ ಗಿರಾಕಿಗಳನ್ನೂ ನಗುಮುಖದಿಂದ ಕಳಿಸುವವನು ಈಗ ಹಲ್ಲು ಕಡಿಯುತ್ತ ಫೋಟೊವನ್ನೇ ಮುಚ್ಚಿ ಮತ್ತೆ ತೆರೆದ. "ಇನ್ನೊಂದು ಉಪಾಯ ಇದೆ. ಅಂಚು ಕತ್ತರಿಸೋದು ಬೇಡ, ನಡುವೆ ಕತ್ತರಿಸೋಣ. ನಡುವೆ ಹೇಗೂ ಖಾಲಿ ಇದೆ."

ಅತ್ತೆಯ ಕುರ್ಚಿಯ ಆಚೆಯಿಂದ ಒಂದು ಪಟ್ಟಿ, ಈಚೆಯಿಂದ ಒಂದು ಪಟ್ಟಿ ಕಿತ್ತು, ಉಳಿದ ಮೂರು ತುಂಡುಗಳನ್ನು ಒಟ್ಟಿಗೆ ತಂದು ಅಂಟಿಸಿದ. ಚೌಕವೇನೋ ಆಯಿತು. ಆದರೆ ಕುರ್ಚಿಯ ಎರಡೂ ಕೈಗಳು ಹೋಗಿದ್ದವು, ಒಂದು ಕಾಲೂ ಹೋಗಿತ್ತು. ಅತ್ತೆ ಗಾಳಿಯಲ್ಲಿ ಕೂತಿದ್ದರು. ಅವರ ತಲೆಯ ಹಿಂದಿನ ಗೋಡೆಯಲ್ಲಿ ಅರ್ಧ ಸ್ವಿಚ್ ಬೋರ್ಡು ಇತ್ತು. ಅತ್ತೆಯ ಒಂದು ಮೊಣಕೈಯ ಜಾಗದಲ್ಲಿ ದೊಡ್ಡ ಮಗಳ ಬಳೆಯ ಕೈ ಬಂದು ಕೂತಿತ್ತು.

"ಇದು ಯಾರ ಕೈ?" ಎಂದು ಅತ್ತೆ ಕೇಳಿದರು.

ದೊಡ್ಡಳಿಯ ಕೈಬಿಟ್ಟು ಕುರ್ಚಿಗೆ ಒರಗಿದ. ಮೂಲ ಫೋಟೊ ಮತ್ತೆ ಪರದೆಯ ಮೇಲೆ ಬಂತು. ಚಿಕ್ಕಳಿಯ ಮುಂದಕ್ಕೆ ಬಾಗಿ ಅದನ್ನು ದಿಟ್ಟಿಸಿದ. ಇಷ್ಟು ದಿನ ಎಲ್ಲರೂ ನೋಡಿದ್ದು ಫೋಟೊದ ಅಂಚುಗಳನ್ನು. ಅವನ ಕಣ್ಣಿಗೆ ಈಗ ಬಿದ್ದದ್ದು ನಡುವಿನ ಗೋಡೆ. ಅಕ್ಕ ಅತ್ತೆಯ ಕುರ್ಚಿಯಿಂದ ಎಷ್ಟು ದೂರ ಸಾಧ್ಯವೋ ಅಷ್ಟು ದೂರ ಎಡಕ್ಕೆ ನಿಂತಿದ್ದಳು. ತಂಗಿ ಅಷ್ಟೇ ದೂರ ಬಲಕ್ಕೆ. ಗಂಡಂದಿರಿಬ್ಬರೂ ಅದರಾಚೆಗೆ ಜಾಗ ಹುಡುಕಿಕೊಂಡಿದ್ದರು.

ಯೋಚನೆ ಮಾಡಿ ಆಡಿದ ಮಾತಲ್ಲ ಅದು, ಕಸುಬಿನ ಮಾತು, ಬಾಯಿಂದ ಜಾರಿತು. "ಭಾವ, ಇವರಿಬ್ಬರ ನಡುವೆ ಒಂದು ಕಾರನ್ನ ಆರಾಮಾಗಿ ರಿವರ್ಸ್ ಹಾಕಿ ನಿಲ್ಲಿಸಬಹುದು."

ಆಡಿದ ಮೇಲೆ ಚಿಕ್ಕಳಿಯನಿಗೂ ತಾನು ಆಡಿದ್ದೇನು ಎಂಬುದು ಹೊಳೆಯಿತು. ಅವನ ಕಾಲು ಮೇಜಿನ ಕೆಳಗೆ ಜೋರಾಗಿ ಒತ್ತಿತು, ಪ್ರಯೋಜನವಾಗಲಿಲ್ಲ. ಚಿಕ್ಕವಳಿಗೆ ನಗು ಬಂತು. ತಡೆಯಲು ಸೆರಗು ಬಾಯಿಗೆ ಒತ್ತಿಕೊಂಡಳು. ಮೂಗಿನಿಂದ ಸದ್ದು ಹೊರಬಿತ್ತು.

"ಏನೇ ನಗ್ತೀಯಾ?" ಎಂದಳು ದೊಡ್ಡವಳು.

ಅಮ್ಮನ ಮುಖಾಂತರವಲ್ಲ, ನೇರವಾಗಿ, ತಂಗಿಯ ಮುಖ ನೋಡಿ. ಸಿಟ್ಟಿನಲ್ಲಿ ಅವಳಿಗೆ ಅದು ಗೊತ್ತಾಗಲಿಲ್ಲ.

"ನಾನೆಲ್ಲಿ ನಕ್ಕೆ?"

"ನಕ್ಕೆ. ಆವತ್ತೂ ನಕ್ಕೆ. ನಾನು ಕಂಬಕ್ಕೆ ಸಾರಿ ಹೇಳಿದ್ದಲ್ಲ. ಹಿಂದಿನ ಸೀಟಿನಲ್ಲಿ ಇನ್‌ಸ್ಪೆಕ್ಟರ್ ಕೂತಿದ್ರು, ಅವರಿಗೆ ಹೇಳಿದ್ದು. ನಿನ್ನ ಗಂಡನ್ನೇ ಕೇಳು."

ಚಿಕ್ಕವಳು ಗಂಡನ ಕಡೆ ತಿರುಗಿದಳು. ಚಿಕ್ಕಳಿಯ ಲ್ಯಾಪ್‌ಟಾಪಿನ ಕಡೆ ತಿರುಗಿದ.

"ಹಿಂದೆ ಇನ್‌ಸ್ಪೆಕ್ಟರ್ ಇದ್ರಾ ರೀ?"

"ಇದ್ರು," ಎಂದ ಅವನು ಸಣ್ಣ ದನಿಯಲ್ಲಿ. "ಇನ್‌ಸ್ಪೆಕ್ಟರ್ ಇಲ್ಲದೆ ಪರೀಕ್ಷೆ ಹೇಗೆ ನಡೆಯುತ್ತೆ?"

"ಮತ್ತೆ ಕಂಬಕ್ಕೆ ಅಂದ್ರಿ ನನ್ನ ಹತ್ರ."

"ನಾನು ಹೊರಗೆ ನಿಂತಿದ್ದೆ. ಕಂಬ ಕಾಣಿಸ್ತು, ಅತ್ತಿಗೆಯ ಬಾಯಿ ಅಲ್ಲಾಡಿದ್ದು ಕಾಣಿಸ್ತು. ಉಳಿದಿದ್ದು ನಾನೇ ಜೋಡಿಸಿಕೊಂಡೆ."

"ಸರಿ, ತಪ್ಪು ಇವರದ್ದೇ ಇರಲಿ," ಎಂದಳು ಚಿಕ್ಕವಳು ಅಕ್ಕನ ಕಡೆ ಎರಡು ಹೆಜ್ಜೆ ಬಂದು. "ನೀನು ಅದನ್ನ ಆವತ್ತೇ ಹೇಳಬಹುದಿತ್ತಲ್ಲ. ಮುಖ ಊದಿಸ್ಕೊಂಡು ಕೂತ್ರೆ ನನಗೆ ಕನಸು ಬೀಳುತ್ತಾ?"

"ಊರೆಲ್ಲ ಡಂಗುರ ಹೊಡೆದ ಮೇಲೆ ನಿನ್ನೊಬ್ಬಳಿಗೆ ಹೇಳಿ ಏನು ಮಾಡ್ಲಿ?"

"ಊರೆಲ್ಲ ಅಲ್ಲ, ಚಿಕ್ಕಮ್ಮನಿಗೆ ಮಾತ್ರ ಹೇಳಿದ್ದು."

"ಚಿಕ್ಕಮ್ಮನಿಗೆ ಹೇಳಿದ ಮೇಲೆ ಇನ್ನು ಯಾರು ಉಳಿದ್ರು?"

ಚಿಕ್ಕವಳು ಎಂದೋ ಅಕ್ಕ ತನ್ನ ಹೊಸ ಕುಪ್ಪಸವನ್ನು ನೋಡಿ ದಿಂಬಿನ ಚೀಲವೆಂದ ಪ್ರಕರಣ ಎತ್ತಿದಳು. ದೊಡ್ಡವಳು ಅದಕ್ಕಿಂತ ಹಿಂದಿನದೊಂದನ್ನು ತೆಗೆದಳು. ಹೀಗೆ ಇಬ್ಬರೂ ಒಂದೊಂದೇ ವರ್ಷ ಹಿಂದಕ್ಕೆ ಹೋಗುತ್ತ, ಒಂದೊಂದೇ ಹೆಜ್ಜೆ ಹತ್ತಿರ ಬರುತ್ತ, ಸ್ಕೂಲಿನ ಜಡೆಯ ರಿಬ್ಬನ್ನಿನ ತನಕ ಬಂದು ಮುಟ್ಟಿದರು.

ಅತ್ತೆ ಬಿಡಿಸಲು ಹೋಗಲಿಲ್ಲ. ಅಳಿಯಂದಿರು ಗಾಬರಿಯಿಂದ ಅವರ ಮುಖ ನೋಡಿದರು. ಅವರು ನೆಮ್ಮದಿಯಾಗಿ ಕುರ್ಚಿಯ ಮೇಲೆ ಕೂತುಕೊಂಡರು. "ಬಿಡಿ. ಎಷ್ಟು ತಿಂಗಳಾಯ್ತು, ನನ್ನ ಕುತ್ತಿಗೆಗೆ ಇವತ್ತು ರಜೆ," ಎಂದರು. ಆಮೇಲೆ ಮಕ್ಕಳಿಬ್ಬರೂ ಕುರ್ಚಿಯ ಹಿಂದೆ ಮೂಗಿಗೆ ಮೂಗು ತಾಗುವಷ್ಟು ಹತ್ತಿರ ನಿಂತಿರುವುದನ್ನು ನೋಡಿ ದೊಡ್ಡಳಿಯನಿಗೆ ಕಣ್ಣಿನಲ್ಲೇ ಸನ್ನೆ ಮಾಡಿದರು. "ಅಳಿಯಂದ್ರೇ, ಹೊಸದಾಗಿ ಒಂದು ತೆಗೆದುಬಿಡಿ. ಇವರು ಮತ್ತೆ ದೂರ ಹೋಗೋದ್ರೊಳಗೆ."

ದೊಡ್ಡಳಿಯ ಮೊಬೈಲನ್ನು ನೀರಿನ ಜಗ್ಗಿಗೆ ಒರಗಿಸಿ ಮೇಜಿನ ಮೇಲೆ ನಿಲ್ಲಿಸಿದ. ತಾನಾಗಿಯೇ ಫೋಟೊ ತೆಗೆಯುವಂತೆ ಹೊಂದಿಸಲು ಹೋಗಿ ಪರದೆಯ ಮೇಲೆಲ್ಲ ಬೆರಳಾಡಿಸಿದ. ಚಿಕ್ಕಳಿಯ ಪಕ್ಕದಿಂದ ಇಣುಕಿದ.

"ಭಾವ, ಅಲ್ಲಿ ಮೇಲ್ಗಡೆ ಏನೋ ಚೌಕ ಅಂತ ಇದೆಯಲ್ಲ."

ದೊಡ್ಡಳಿಯ ಅದನ್ನು ಒತ್ತಿದ. ಮೊಬೈಲಿನ ಪರದೆಯಲ್ಲಿ ಮೇಲೂ ಕೆಳಗೂ ಕತ್ತಲಾಗಿ, ನಡುವೆ ನಾಲ್ಕೂ ಕಡೆ ಸಮ ಇರುವ ಚೌಕವೊಂದು ಉಳಿಯಿತು. ತೆಗೆಯುವಾಗಲೇ ಚೌಕ. ಹಿಂಡುವುದಿಲ್ಲ, ಊದಿಸುವುದಿಲ್ಲ, ಸರಪಳಿ ಇಲ್ಲ.

"ಇದು ಮೊದಲಿಂದಲೂ ಇತ್ತಾ?" ಎಂದ ದೊಡ್ಡಳಿಯ.

"ಇತ್ತು ಅನ್ಸುತ್ತೆ, ಭಾವ."

"ಸರಿ. ಇದನ್ನ ಮನೆಯಲ್ಲಿ ಹೇಳೋದು ಬೇಡ."

ಮೊದಲನೆಯ ಸಲ ಒತ್ತಿ ಓಡಿದಾಗ ಅವನ ಬೆನ್ನು ಮಾತ್ರ ಬಂತು. ಎರಡನೆಯ ಸಲ ಚಿಕ್ಕಳಿಯನ ತಲೆ ಅತ್ತಿಗೆಯ ಹಿಂದೆ ಮುಚ್ಚಿಹೋಯಿತು. ಮತ್ತೊಂದು ಸಲ ಜಗ್ಗು ಜಾರಿ ಮೊಬೈಲು ಮಗುಚಿಕೊಂಡು ಛಾವಣಿಯ ಫ್ಯಾನಿನ ಫೋಟೊ ತೆಗೆಯಿತು. ಈ ಯಾವುದರ ಪರಿವೆಯೂ ಇಲ್ಲದೆ ಅಕ್ಕತಂಗಿಯರು ವಾದ ಮುಂದುವರಿಸಿದ್ದರು. ಫೋಟೊಗೆ ನಿಲ್ಲಿ ಎಂದರೆ ನಿಂತರು, ಹತ್ತಿರ ಬನ್ನಿ ಎಂದರೆ ಬಂದರು, ಬಾಯಿ ಮಾತ್ರ ನಿಲ್ಲಲಿಲ್ಲ.

ಆಮೇಲೆ ಎಲ್ಲರೂ ಮೇಜಿನ ಸುತ್ತ ನಿಂತು ಮೊಬೈಲಿನಲ್ಲಿ ಒಂದೊಂದಾಗಿ ನೋಡಿದರು. ಒಂದು ಸರಿಯಾಗಿ ಬಂದಿತ್ತು. ಸರಿ ಎಂದರೆ ಐದೂ ಜನ ಚೌಕದೊಳಗಿದ್ದರು. ಎರಡು ತುದಿಗಳಲ್ಲಿ ಅಳಿಯಂದಿರಿಬ್ಬರೂ ಗುರುತಿನ ಚೀಟಿಗೆ ನಿಂತವರಂತೆ ಬಿಗಿಯಾಗಿ ನಿಂತು ನೇರ ನೋಡುತ್ತಿದ್ದರು. ನಡುವೆ ದೊಡ್ಡವಳು ತೋರುಬೆರಳು ಎತ್ತಿದ್ದಳು. ಚಿಕ್ಕವಳು ಆ ಬೆರಳನ್ನು ಹಿಡಿದು ಕೆಳಗೆ ಎಳೆಯುತ್ತ ಬಾಯಿ ತೆರೆದಿದ್ದಳು. ಅವರ ತಲೆಗಳು ಒಂದಕ್ಕೊಂದು ತಾಗಿದ್ದವು. ಕೆಳಗೆ ಕುರ್ಚಿಯಲ್ಲಿ ಅತ್ತೆ ಕತ್ತೆತ್ತಿ ಇಬ್ಬರನ್ನೂ ನೋಡುತ್ತ, ಹಲ್ಲು ಕಟ್ಟಿಸಿದ ಜಾಗದವರೆಗೆ ಕಾಣುವಂತೆ ನಗುತ್ತಿದ್ದರು.

"ಇದು ಬೇಡ," ಎಂದರು ಅಕ್ಕತಂಗಿಯರು ಒಟ್ಟಿಗೆ.

"ಇದೇ," ಎಂದರು ಅತ್ತೆ.

"ಅಮ್ಮ, ನನ್ನ ಬಾಯಿ ನೋಡು ಹೇಗಿದೆ."

"ನಿನ್ನ ಬಾಯಿ ಇರೋದೇ ಹಾಗೆ," ಎಂದಳು ದೊಡ್ಡವಳು. ಚಿಕ್ಕವಳು ಅವಳ ತೋಳಿಗೆ ಒಂದು ಗುದ್ದು ಕೊಟ್ಟಳು. ದೊಡ್ಡವಳು ನಕ್ಕಳು, ನಕ್ಕದ್ದಕ್ಕೆ ತನ್ನ ಮೇಲೇ ಸಿಟ್ಟು ಬಂದು ಅಡುಗೆಮನೆಗೆ ಕಾಫಿ ಮಾಡಲು ಹೋದಳು. ಕೊಂಚ ಹೊತ್ತಿಗೆ ಒಳಗಿನಿಂದ ಅವಳ ದನಿ ಬಂತು, "ಸಕ್ಕರೆ ಎಲ್ಲಿಟ್ಟಿದೀಯೇ?" ಚಿಕ್ಕವಳು ಒಳಗೆ ಹೋದಳು. ಅಮ್ಮನ ಅಡುಗೆಮನೆಯ ಡಬ್ಬಗಳನ್ನು ಜೋಡಿಸಿದ್ದು ಅವಳೇ.

ದೊಡ್ಡಳಿಯ ಈ ಸಲ ಫೋಟೊವನ್ನು ಲ್ಯಾಪ್‌ಟಾಪಿಗೆ ಮುಟ್ಟಿಸಲೇ ಇಲ್ಲ. ಮೊಬೈಲನ್ನೇ ತೆಗೆದುಕೊಂಡು ಹೋಗಿ ಪ್ರಿಂಟಿನ ಅಂಗಡಿಯವನ ಮುಂದೆ ಇಟ್ಟ. ಅಂಗಡಿಯವನು ಒಳಗೆ ತನ್ನ ಕಂಪ್ಯೂಟರಿನಲ್ಲಿ ತೆರೆದು ನೋಡಿ, "ಈಗ ಸರಿ ಇದೆ, ಸಾರ್. ಆದ್ರೆ ಇವರಿಬ್ಬರೂ ಯಾಕೆ ಜಗಳ ಆಡ್ತಿದಾರೆ? ಮುಖ ಬೇಕಾದ್ರೆ ಬದಲಾಯಿಸಿ ಕೊಡಬಹುದು," ಎಂದ.

"ಏನನ್ನೂ ಮುಟ್ಟಬೇಡಿ," ಎಂದ ದೊಡ್ಡಳಿಯ. "ಹೇಗಿದೆಯೋ ಹಾಗೇ ಪ್ರಿಂಟ್ ತೆಗೆದುಕೊಡಿ. ನಾನು ಇಲ್ಲೇ ನಿಂತಿರ್ತೀನಿ."

ನಿಂತೇ ಇದ್ದ. ಸುರುಳಿ ಬಿಚ್ಚಿದಾಗ ಅತ್ತೆಯ ಮುಖ ಸ್ಪಷ್ಟವಾಗಿತ್ತು, ತನ್ನ ಎರಡೂ ಕಿವಿಗಳು ಇದ್ದವು. ಎಣಿಸಿ ನೋಡಿಕೊಂಡೇ ಮನೆಗೆ ತಂದ. ಮೊಳೆ ಹೊಡೆದದ್ದು ಚಿಕ್ಕಳಿಯ. "ಸ್ವಲ್ಪ ಎಡಕ್ಕೆ, ಇನ್ನೂ ಸ್ವಲ್ಪ, ಸಾಕು, ನಿಲ್ಲಿಸಿ" ಎಂದು ಹೇಳಿದ್ದು ದೊಡ್ಡವಳು. ಹಲಗೆ ಪೂರ್ತಿ ಮುಚ್ಚಿತು.

ಈಗ ಆ ಮನೆಗೆ ಬಂದವರ ಕಣ್ಣು ಮೊದಲಿನಂತೆಯೇ ನೇರ ಸೋಫಾದ ಮೇಲಿನ ಗೋಡೆಗೆ ಹೋಗುತ್ತದೆ. ಕೂತು ಒಂದು ಗುಟುಕು ಕಾಫಿ ಕುಡಿಯುವುದರೊಳಗೆ ಅವರು ಕೇಳಿಯೇ ಕೇಳುತ್ತಾರೆ, ಇದೇನು, ಇಬ್ಬರೂ ಯಾವುದಕ್ಕೆ ಹೀಗೆ ಕಿತ್ತಾಡುತ್ತಿದ್ದೀರಿ ಎಂದು. ದೊಡ್ಡವಳು ಅದು ಇನ್‌ಸ್ಪೆಕ್ಟರ್ ವಿಷಯ ಎಂದು ಶುರು ಮಾಡುತ್ತಾಳೆ. ಚಿಕ್ಕವಳು ಅಲ್ಲ, ಅಷ್ಟು ಹೊತ್ತಿಗೆ ರಿಬ್ಬನ್ನಿಗೆ ಬಂದಾಗಿತ್ತು ಎನ್ನುತ್ತಾಳೆ. ಬಂದವರು ಕಪ್ಪು ಹಿಡಿದುಕೊಂಡು ಒಬ್ಬಳಿಂದ ಒಬ್ಬಳ ಕಡೆ ತಿರುಗುತ್ತ ಕೂರುತ್ತಾರೆ. ಅತ್ತೆ ಅವರ ಮುಂದೆ ಬಿಸ್ಕತ್ತಿನ ತಟ್ಟೆ ಸರಿಸುತ್ತಾರೆ. ಅಳಿಯಂದಿರಿಬ್ಬರೂ ಮೆಲ್ಲಗೆ ಎದ್ದು ಬಾಲ್ಕನಿಗೆ ಹೋಗಿ, ಕೆಳಗೆ ಹೋಗುವ ಬರುವ ಗಾಡಿಗಳನ್ನು ನೋಡುತ್ತ ನಿಲ್ಲುತ್ತಾರೆ.